ನನ್ನ ಎಡಗಡೆಯ ಗೋಲುಗಳು

ಕ್ರಿಕೆಟ್ಟಿನವರು ಮ್ಯಾಚ್ ಮಾರಿಕೊಂಡರಂತೆ ಎಂಬ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ಅಲ್ಲಿಯವರೆಗೆ ಕ್ಯಾಚ್ ಬಿಟ್ಟವನನ್ನು ದಂಡಪಿಂಡ ಎಂದು ಬೈದು ಮರೆತುಬಿಡುತ್ತಿದ್ದ ತುಮಕೂರಿನ ಜನ ಆಮೇಲೆ ಕಣ್ಣು ಕಿರಿದು ಮಾಡಿಕೊಂಡು ನೋಡುವುದನ್ನು ಕಲಿತರು. ಕೇರಂ ಬೋರ್ಡಿನ ಮೇಲೆ ಯಾರಾದರೂ ಸುಲಭದ ಕಾಯಿನ್ ತಪ್ಪಿಸಿದರೂ "ಎಷ್ಟಕ್ಕೆ ಮಾತಾಡ್ಕೊಂಡೆ?" ಎಂದು ಕೇಳುವವರಿದ್ದರು. ತಮಾಷೆಗೇ ಕೇಳುತ್ತಿದ್ದರು ಅನ್ನಿ. ಆದರೆ ಕೇಳಿ ಆದಮೇಲೂ ಒಂದು ಗಳಿಗೆ ಮುಖವನ್ನೇ ನೋಡುತ್ತಿದ್ದರು.

ಅಂಥ ಕಾಲದಲ್ಲಿ ನಾನು ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದೆ. ನಮ್ಮದು ಜಿಲ್ಲಾ ಲೀಗಿನ ಕೆಳಗಿನ ಡಿವಿಷನ್ನಿನ ಕ್ಲಬ್ಬು. ಅದಕ್ಕಿಂತ ಕೆಳಗೆ ಇನ್ನೊಂದು ಡಿವಿಷನ್ ಇರಲಿಲ್ಲ, ಬಿದ್ದರೆ ನೆಲವೇ. ಕೊನೆಗೆ ಬಂದ ಟೀಮನ್ನು ಮುಂದಿನ ವರ್ಷ ಲೀಗಿಗೆ ಸೇರಿಸುತ್ತಿರಲಿಲ್ಲ. ಲೀಗಿನಲ್ಲಿಲ್ಲದ ಟೀಮಿಗೆ ಕಾಲೇಜಿನವರು ಮೈದಾನ ಕೊಡುತ್ತಿರಲಿಲ್ಲ. ಮೈದಾನವಿಲ್ಲದಿದ್ದರೆ ನಾವೆಲ್ಲ ಭಾನುವಾರ ಬೆಳಿಗ್ಗೆ ಮನೆಯವರು ಕೊಟ್ಟ ಚೀಲ ಹಿಡಿದು ತರಕಾರಿ ತರಲು ಹೋಗಬೇಕಿತ್ತು. ನಗಬೇಡಿ. ವಾರವಿಡೀ ಆಫೀಸಿನಲ್ಲೋ ಅಂಗಡಿಯಲ್ಲೋ ಕೂತು ಬೆನ್ನು ಬಗ್ಗಿಸುವ ನಮಗೆ ಆ ಭಾನುವಾರವೊಂದೇ ಗಂಡಸುತನದಂತೆ ಕಾಣುತ್ತಿತ್ತು.

ಕ್ಯಾಪ್ಟನ್ ನನ್ನ ಹೈಸ್ಕೂಲ್ ಸ್ನೇಹಿತ. ಬಿ.ಎಚ್. ರಸ್ತೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದ. ಮೋಟಾರು ಕೂರಿಸಲು ಗುಬ್ಬಿ, ಕುಣಿಗಲ್ ಕಡೆಯ ತೋಟಗಳಿಗೆಲ್ಲ ಓಡಾಡುತ್ತಿದ್ದ. ಮೈದಾನದಲ್ಲಿ ನನ್ನ ಮುಂದೆಯೇ ನಿಂತು ಡಿಫೆನ್ಸ್ ಕಾಯುತ್ತಿದ್ದ. ನಮ್ಮ ಕೋಚು ರಿಟೈರಾದ ಡ್ರಿಲ್ ಮೇಷ್ಟ್ರು. ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡು, ಮಾತಾಡಬೇಕಾದಲ್ಲೆಲ್ಲ ಸೀಟಿ ಊದುತ್ತಿದ್ದರು.

ನಾನು ಶೆಟ್ಟಿಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದೆ. ಅಪ್ಪ ತೀರಿಹೋಗಿದ್ದರು. ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ ಕೆಲಸ. ನನಗೆ ಮುಂಗೋಪಿ ಎಂಬ ಹೆಸರಿತ್ತು, ಅದು ಸುಳ್ಳೇನಲ್ಲ. ಆದರೆ ಗೋಲಿನಲ್ಲಿ ಚೆನ್ನಾಗಿ ಆಡುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅದರಲ್ಲೂ ಎಡಕ್ಕೆ ಹಾರಿ ಚೆಂಡು ಹಿಡಿಯುವುದರಲ್ಲಿ ನನ್ನಷ್ಟು ಒಳ್ಳೆಯವರು ಆಗ ಜಿಲ್ಲೆಯಲ್ಲೇ ಇರಲಿಲ್ಲ ಎಂದು ಮೇಷ್ಟ್ರೇ ನಾಲ್ಕು ಜನರೆದುರು ಹೇಳಿದ್ದರು.

ಸೀಸನ್ ಶುರುವಾದಾಗ ಎಲ್ಲವೂ ಸರಿಯಾಗಿತ್ತು. ಆಮೇಲೆ ಗುಬ್ಬಿಯಿಂದ ನನಗೊಂದು ಸಂಬಂಧ ಬಂತು. ಹುಡುಗಿಯ ತಂದೆ ಕೊಬ್ಬರಿ ಮಂಡಿ ಇಟ್ಟವರು, ಮಠಕ್ಕೆ ನಡೆದುಕೊಳ್ಳುವ ಜನ. ಹುಡುಗ ಓದಿದ್ದಾನಾ, ಕೆಲಸ ಕಾಯಂ ಆಗಿದೆಯಾ ಎಂದು ಕೇಳುವುದಕ್ಕೂ ಮೊದಲು ಅವರು ಕೇಳಿಸಿದ್ದು, "ಹುಡುಗ ಲಿಂಗ ಕಟ್ಟಿದಾನಾ?"

ನಾನು ಕಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಕಟ್ಟಿದ್ದನ್ನು ಹೈಸ್ಕೂಲಿಗೆ ಬಂದಾಗಲೇ ಬಿಚ್ಚಿ ದೇವರ ಗೂಡಿನಲ್ಲಿ ಇಟ್ಟಿದ್ದೆ. ನಮ್ಮ ಕಡೆ ನನ್ನಂಥವರು ಮನೆಮನೆಗೂ ಇದ್ದರು. ಅಮ್ಮ ತಡಮಾಡಲಿಲ್ಲ. ಅಯ್ಯನವರನ್ನು ಕರೆಸಿ, ನನ್ನನ್ನು ಮೀಯಿಸಿ, ವಿಭೂತಿ ಹಚ್ಚಿಸಿ, ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು ಮತ್ತೆ ನನ್ನ ಕೊರಳಿಗೆ ಕಟ್ಟಿಸಿದರು. ಇನ್ನು ಮೈಮೇಲಿಂದ ತೆಗೆಯುವಂತಿಲ್ಲ, ಅದು ನೆಲಕ್ಕೆ ತಾಕುವಂತಿಲ್ಲ ಎಂದರು ಅಯ್ಯನವರು.

ಗೋಲ್‌ಕೀಪರ್ ಕೆಲಸವೇ ನೆಲಕ್ಕೆ ಬೀಳುವುದು. ಅದನ್ನು ಹೇಳಿದೆ. ಅಯ್ಯನವರು ಫುಟ್‌ಬಾಲ್ ನೋಡಿದವರಲ್ಲ. "ಬೀಳದಂಗೆ ಆಡಪ್ಪ" ಎಂದರು.

ಅಮ್ಮ ಕರಡಿಗೆ ನೇತಾಡದ ಹಾಗೆ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಎಡ ಪಕ್ಕೆಯ ಮೇಲೆ, ಎದೆಗೆ ಒತ್ತಿಕೊಂಡಿರುವಂತೆ ಕಟ್ಟಿದರು. ಕಟ್ಟುತ್ತಲೇ ಕಟ್ಟಪ್ಪಣೆಯನ್ನೂ ಮಾಡಿದರು.

"ತಾಂಬೂಲ ಬದಲಾಯಿಸೋವರ್ಗೂ ಒಬ್ರ ಹತ್ರಾನೂ ಬಾಯಿ ಬಿಡಬೇಡ. ನಿನ್ನ ಫ್ರೆಂಡ್ಸು ಗಿಂಡ್ಸು ಯಾರ ಹತ್ರಾನೂ."

"ಕ್ಯಾಪ್ಟನ್ಗಾದ್ರೂ ಹೇಳ್ಬೇಕಮ್ಮ. ಆಟಕ್ಕೆ ತೊಂದ್ರೆ ಆಗುತ್ತೆ."

"ಅವ್ನಿಗಂತೂ ಬೇಡ. ಗುಬ್ಬಿಗೆ ವಾರಕ್ಕೆರಡು ಸಲ ಹೋಗಿಬರೋನು ಅವ್ನು. ಈ ವಯಸ್ನಲ್ಲಿ ಲಿಂಗ ಕಟ್ಟವ್ನೆ ಅಂದ್ರೆ ಹೆಣ್ಣು ನೋಡ್ತವ್ರೆ ಅಂತ ಯಾರಿಗೆ ಗೊತ್ತಾಗಲ್ಲ? ಎಲ್ಲಿಯವಳು ಅಂತ ಹುಡುಕ್ತಾರೆ, ಕಲ್ಲು ಹಾಕ್ತಾರೆ. ನಿಮ್ಮಪ್ಪನ ಮೊದಲನೇ ಸಂಬಂಧ ಹೋಗಿದ್ದೇ ಹಿಂಗೆ."

ಅಪ್ಪನಿಗೆ ಮೊದಲೊಂದು ಸಂಬಂಧ ಬಂದಿತ್ತೆಂದು ನನಗೆ ಗೊತ್ತಾದದ್ದೇ ಅವತ್ತು. ಅದು ತಪ್ಪಿದ್ದರಿಂದಲೇ ತಾನು ಆ ಮನೆಗೆ ಬಂದದ್ದು ಎನ್ನುವುದು ಅಮ್ಮನಿಗೆ ಹೊಳೆದಂತೆ ಕಾಣಲಿಲ್ಲ. ನಾನೂ ಎತ್ತಿ ಆಡಲಿಲ್ಲ, ಮಾತು ಕೊಟ್ಟೆ.

ಮುಂದಿನ ಭಾನುವಾರ ಗೋಲಿನಲ್ಲಿ ನಿಂತಾಗ ನನ್ನ ಮೈ ನನ್ನದಾಗಿರಲಿಲ್ಲ. ಬಲಕ್ಕೆ ಚೆಂಡು ಬಂದರೆ ಮೊದಲಿನ ಹಾಗೇ ಹಾರುತ್ತಿದ್ದೆ. ಎಡಕ್ಕೆ ಬಂದರೆ ಕಾಲು ಏಳುತ್ತಿತ್ತು, ಮೈ ಏಳುತ್ತಿರಲಿಲ್ಲ. ಎಡಗೈ ತನ್ನಷ್ಟಕ್ಕೆ ಪಕ್ಕೆಗೆ ಬಂದು ಅಂಟಿಕೊಳ್ಳುತ್ತಿತ್ತು. ನಾನೇನು ದೊಡ್ಡ ಭಕ್ತನಲ್ಲ. ಆದರೆ ಆ ಕಟ್ಟಿದ್ದು ಬಿಚ್ಚಿ ಮಣ್ಣಿಗೆ ಬಿದ್ದರೆ ಅಮ್ಮ ಬದುಕಿರುವವರೆಗೂ ಅದನ್ನೇ ನೆನೆದು ಕೊರಗುತ್ತಾರೆ ಎನ್ನುವುದು ಗೊತ್ತಿತ್ತು. ಅದರ ಜೊತೆಗೆ ನಿಜವಾದ ಒಂದು ಹೆದರಿಕೆಯೂ ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಎಡಗಡೆ ಒಂದು ಗೋಲಾಯಿತು. ಅದರ ಮುಂದಿನ ವಾರವೂ ಆಯಿತು. ಮೇಷ್ಟ್ರು ಸೀಟಿ ಊದಿದರು, ಕ್ಯಾಪ್ಟನ್ ಬೆನ್ನು ತಟ್ಟಿ "ಹೋಗ್ಲಿ ಬುಡು" ಎಂದ. ಆಮೇಲಿನ ಭಾನುವಾರ ಗುಬ್ಬಿಯ ಟೀಮು ನಮ್ಮ ಮೈದಾನಕ್ಕೆ ಬಂತು. ಸಮಸಮ ಆಡುತ್ತಿದ್ದ ಮ್ಯಾಚು, ಮುಗಿಯುವ ಹೊತ್ತಿಗೆ ಅವರ ಹುಡುಗನೊಬ್ಬ ದೂರದಿಂದ ಸಾಧಾರಣವಾಗಿ ಒದ್ದ. ಅದು ಉರುಳಿಕೊಂಡು ಎಡಕ್ಕೆ ಬಂತು. ಒಂದು ಕಾಲಕ್ಕೆ ನಾನು ಅದನ್ನು ಹಲ್ಲುಜ್ಜುತ್ತಾ ಹಿಡಿಯುತ್ತಿದ್ದೆ. ಅವತ್ತು ನಿಂತು ನೋಡಿದೆ. ಸೋತೆವು. ಈ ಸಲ ಕ್ಯಾಪ್ಟನ್ ಬೆನ್ನು ತಟ್ಟಲಿಲ್ಲ.

ಗುಬ್ಬಿ ಟೀಮಿನ ಜೊತೆ ಬಂದವರಲ್ಲಿ ಬಿಳಿ ಪಂಚೆ ಉಟ್ಟ, ಹಣೆ ತುಂಬ ವಿಭೂತಿಯ ಒಬ್ಬರು ಗೆರೆಯ ಆಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದನ್ನು ಆಟ ಮುಗಿದ ಮೇಲೆ ನೋಡಿದೆ. ಹುಡುಗಿಯ ತಂದೆ. ಗುಬ್ಬಿ ಟೀಮಿಗೆ ಅವರೇ ಅಧ್ಯಕ್ಷರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಹೆಣ್ಣು ನೋಡಲು ಅಮ್ಮ, ಸೋದರಮಾವನ ಜೊತೆ ಹೋಗಿದ್ದಾಗ ಮಾತೆಲ್ಲ ಮಠ, ಮಳೆ, ಕೊಬ್ಬರಿಯದ್ದೇ ಆಗಿತ್ತು. ಅವರು ನನ್ನನ್ನು ನೋಡಿಯೂ ನೋಡದಂತೆ ಹೊರಟುಹೋದರು. ಸಂಜೆಯೇ ಮಾವನ ಮೂಲಕ ಹೇಳಿಕಳಿಸಿದರು. ನಾಳೆ ಹುಡುಗ ಒಬ್ಬನೇ ಮಂಡಿಗೆ ಬರಲಿ, ಮಾತಾಡಬೇಕು.

ಸೋಮವಾರ ಸಂಘಕ್ಕೆ ಅರ್ಧ ದಿನ ರಜೆ ಹಾಕಿ ಗುಬ್ಬಿ ಬಸ್ಸು ಹತ್ತಿದೆ. ಮಂಡಿಯ ಅಂಗಳದಲ್ಲಿ ಕೊಬ್ಬರಿ ಒಡೆಯುತ್ತಿದ್ದರು. ಅವರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ನೀರು ಕೊಟ್ಟರು. ನಾನು ಕುಡಿದು ಲೋಟ ಇಟ್ಟ ಮೇಲೆ ಕೇಳಿದರು.

"ನೆನ್ನೆ ನಮ್ ಹುಡುಗ್ರು ಹೊಡೆದ ಗೋಲು, ಅದನ್ನ ನೀವು ಬೇಕಂತ ಬಿಟ್ರಾ?"

"ಇಲ್ಲ ಸಾರ್."

"ನೋಡಿ, ಮುಚ್ಚುಮರೆ ಬೇಡ. ನನ್ನ ಖುಷಿ ಪಡಿಸೋಣ ಅಂತ ಬಿಟ್ಟಿದ್ರೆ, ಅಂಥ ಅಳಿಯ ನಮ್ಗೆ ಬೇಡ. ಇವತ್ತು ನನಗೋಸ್ಕರ ನಿಮ್ಮೋರ್ನ ಬಿಟ್ಟೋರು ನಾಳೆ ಇನ್ಯಾರಿಗೋಸ್ಕರನೋ ನನ್ನ ಮಗಳನ್ನ ಬಿಡ್ತೀರ."

ಸಿಟ್ಟು ನೆತ್ತಿಗೇರಿತು. ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಎಡ ಪಕ್ಕೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಕರಡಿಗೆ. ಇದು ನೆಲಕ್ಕೆ ತಾಕಬಾರದಂತೆ, ಎಡಕ್ಕೆ ಬಿದ್ದರೆ ತಾಕುತ್ತೆ, ಅದಕ್ಕೇ ಬೀಳಲಿಲ್ಲ ಎಂದೆ. ಅವರು ಮುಂದೆ ಬಾಗಿ ನೋಡಿದರು. ಕಟ್ಟಿದ ಬಟ್ಟೆಯ ಹೊಸತನವನ್ನೂ ನೋಡಿದರು ಅಂತ ಕಾಣುತ್ತೆ, ಮಂಡಿಯವರ ಕಣ್ಣು. ಆದರೆ ಮುಖ ಅರಳಿತು. ಬಾಗಿಲು ತೆಗೆದು, ಹಿಂಭಾಗದ ಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ, "ಲಿಂಗಕ್ಕೋಸ್ಕರ ಗೋಲು ಬಿಟ್ಟೋನು ಕಣೇ" ಎಂದರು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು. ಲೀಗ್ ಮುಗಿದ ಮಾರನೆಯ ಸೋಮವಾರ ತಾಂಬೂಲ ಎಂದು ಅಲ್ಲೇ ಹೇಳಿದರು. ಹೊರಡುವಾಗ ಬೇಡವೆಂದರೂ ಕೇಳದೆ ಒಂದು ಚೀಲ ತೆಂಗಿನಕಾಯಿ ತುಂಬಿಸಿ, ತಾವೇ ಬಸ್ ಸ್ಟ್ಯಾಂಡಿಗೆ ಬಂದು, ಕಂಡಕ್ಟರಿಗೆ ಹೇಳಿ ಚೀಲ ಹತ್ತಿಸಿ, ನನ್ನ ಭುಜದ ಮೇಲೆ ಕೈಯಿಟ್ಟು ಬೀಳ್ಕೊಟ್ಟರು.

ಬಸ್ಸು ಹೊರಟು ತಿರುಗುವಾಗ ಎದುರಿನ ಹೋಟೆಲಿನ ಮೆಟ್ಟಿಲ ಮೇಲೆ ನಮ್ಮ ಕ್ಯಾಪ್ಟನ್ ನಿಂತಿದ್ದ. ಕೈಯಲ್ಲಿ ಟೀ ಲೋಟ. ನನ್ನನ್ನು ನೋಡಿದ, ಗುಬ್ಬಿ ಟೀಮಿನ ಅಧ್ಯಕ್ಷರನ್ನು ನೋಡಿದ. ಕೈ ಬೀಸಲಿಲ್ಲ. ನಾನೂ ಬೀಸಲಿಲ್ಲ.

ಮಾರನೆಯ ದಿನ ಸಂಜೆ ಪ್ರಾಕ್ಟೀಸಿಗೆ ಹೋದರೆ ಅಲ್ಲಿಯವರೆಗೂ ಗಲಗಲ ಅನ್ನುತ್ತಿದ್ದವರು ಶೂ ಲೇಸು ಕಟ್ಟುವುದರಲ್ಲಿ ಮುಳುಗಿಬಿಟ್ಟರು. ಕ್ಯಾಪ್ಟನ್ ಒಬ್ಬನೇ ತಲೆಯೆತ್ತಿ ಕೇಳಿದ.

"ಕಾಯಿ ಚೆನ್ನಾಗಿದ್ವೇನ್ಲಾ?"

"ಯಾವ ಕಾಯಿ?"

"ಗುಬ್ಬಿ ಕಾಯಿ."

"ಓ ಅದಾ. ನಮ್ ನೆಂಟ್ರು ಕೊಟ್ಟಿದ್ದು."

"ನಿಮ್ಗೆ ಗುಬ್ಬಿಲಿ ನೆಂಟ್ರು ಯಾವಾಗಾದ್ರು?"

ಇದಕ್ಕೆ ಉತ್ತರ ನನ್ನ ಬಾಯಿಯ ತುದಿಗೆ ಬಂದಿತ್ತು. ಅಮ್ಮನಿಗೆ ಕೊಟ್ಟ ಮಾತು ಅಡ್ಡ ಬಂತು. "ದೂರದೋರು" ಎಂದೆ. ಯಾರೂ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು, ನನಗೆ ಜಗಳ ಬರುತ್ತೆ. ಕೇಳದವರ ಹತ್ತಿರ ಏನು ಆಡುವುದು? ಒಂದು ಚೀಲ ತೆಂಗಿನಕಾಯಿಗೆ ಮ್ಯಾಚ್ ಮಾರಿಕೊಂಡವನು ಎಂದು ನನ್ನ ಟೀಮಿನವರು ನಂಬಿದ್ದರು ಎಂಬುದಕ್ಕಿಂತ, ನನ್ನ ರೇಟು ಅಷ್ಟೇ ಎಂದು ನಂಬಿದ್ದರಲ್ಲ ಎಂದು ನನಗೆ ಇನ್ನೂ ಉರಿಯಿತು.

ಅಲ್ಲಿಂದ ಮುಂದೆ ಯಾರೂ ನನಗೆ ಹಿಂದಕ್ಕೆ ಪಾಸ್ ಕೊಡುತ್ತಿರಲಿಲ್ಲ. ಮೇಷ್ಟ್ರು ನನ್ನನ್ನು ಬಿಟ್ಟು ನನ್ನ ಪಕ್ಕದ ಗಾಳಿಯ ಜೊತೆ ಮಾತಾಡುತ್ತಿದ್ದರು. ಸುಮ್ಮನೆ ಕೂತವರೆಲ್ಲ ನನ್ನ ಬಗ್ಗೆಯೇ ಮಾತಾಡಿ ಸುಮ್ಮನಾದವರಂತೆ ಕಾಣತೊಡಗಿದರು. ಕ್ಯಾಪ್ಟನ್ನಿನ ಚಿಕ್ಕಪ್ಪನ ಮಗನೊಬ್ಬ ಗೋಲ್‌ಕೀಪರ್ ಆಗಬೇಕೆಂದು ಬಹಳ ದಿನದಿಂದ ಸುತ್ತುತ್ತಿದ್ದ. ಇದೆಲ್ಲ ಅವನನ್ನು ತುರುಕಲು ಹೂಡಿದ ಆಟವೇ ಇರಬೇಕು ಎಂದು ನನಗೂ ಗುಮಾನಿ ಬಂತು. ಗುಬ್ಬಿಯಲ್ಲಿ ಕ್ಯಾಪ್ಟನ್ ಮೆಟ್ಟಿಲ ಮೇಲೆ ನಿಂತದ್ದು ಟೀ ಕುಡಿಯಲಿಕ್ಕೋ, ನನ್ನ ಹಿಂದೆ ಬಂದಿದ್ದನೋ? ನಾನು ಹೀಗೆ ಯೋಚಿಸುತ್ತಾ ಕೂತರೆ ಅಮ್ಮ ಬಂದು, "ಯಾರ ಹತ್ರನಾದ್ರೂ ಬಾಯಿ ಬಿಟ್ಯಾ?" ಎಂದು ನನ್ನ ಮುಖವನ್ನೇ ಹುಡುಕುತ್ತಿದ್ದರು. ಆ ದಿನಗಳಲ್ಲಿ ನನ್ನನ್ನು ನೇರವಾಗಿ ನೋಡಿದ ಒಂದು ಕಣ್ಣೂ ನನಗೆ ನೆನಪಿಲ್ಲ.

ಮುಂದಿನ ಮ್ಯಾಚಿಗೆ ನನ್ನನ್ನು ಹೊರಗೆ ಕೂರಿಸಿದರು. ಚಿಕ್ಕಪ್ಪನ ಮಗ ಬರಲಿಲ್ಲ, ಅವನಿಗೆ ಜ್ವರವಂತೆ. ಹಾಗಾಗಿ ಒಬ್ಬ ಫಾರ್ವರ್ಡ್ ಆಡುವವನಿಗೇ ಗ್ಲೌಸು ಹಾಕಿ ನಿಲ್ಲಿಸಿದರು. ಅವನು ಎಡ ಬಲ ಎರಡೂ ಕಡೆ ಗೋಲು ಬಿಟ್ಟ. ಯಾವ ಕಡೆಗೂ ತಾರತಮ್ಯ ಮಾಡಲಿಲ್ಲ. ಅವನನ್ನು ಯಾರೂ ಅನುಮಾನಿಸಲಿಲ್ಲ, ಪಾಪ ಎಂದರು. ಆ ಸೋಲಿನಿಂದ ನಾವು ತಳಕ್ಕೆ ಬಂದೆವು. ಉಳಿದದ್ದು ಕುಣಿಗಲ್‌ನಲ್ಲಿ ಒಂದೇ ಮ್ಯಾಚು. ಡ್ರಾ ಆದರೂ ಸಾಕು, ನಾವು ಲೀಗಿನಲ್ಲಿ ಉಳಿಯುತ್ತಿದ್ದೆವು. ಸೋತರೆ ಕ್ಲಬ್ಬು ಮುಗಿಯಿತು. ಬೇರೆ ದಾರಿಯಿಲ್ಲದೆ ನನ್ನನ್ನು ಮತ್ತೆ ಕರೆದರು. ಕರೆದ ರೀತಿ ಹೇಗಿತ್ತೆಂದರೆ, ಕಳ್ಳನ ಕೈಗೇ ಬೀಗದ ಕೈ ಕೊಡುವವರ ಮುಖ ಇತ್ತು ಮೇಷ್ಟ್ರದ್ದು.

ಕುಣಿಗಲ್ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಹಿಂದೆ ಮೂವರ ಸೀಟಿನಲ್ಲಿ ನಾಲ್ವರು ಒತ್ತಿಕೊಂಡು ಕೂತಿದ್ದರು. ಆಗಲೇ ನಾನು ನಿರ್ಧಾರ ಮಾಡಿದೆ. ತಾಂಬೂಲ ನಾಳೆ, ಸಂಬಂಧ ಮುರಿದರೆ ಮುರಿಯಲಿ, ಅಮ್ಮ ಅತ್ತರೆ ಅಳಲಿ. ಈ ಖಾಲಿ ಸೀಟಿನ ಪಕ್ಕ ಕೂತು ವಾಪಸು ಬರುವುದು ನನ್ನಿಂದಾಗುವುದಿಲ್ಲ. ಕ್ಲಬ್ಬು ಹೋಗುವುದಾದರೆ ಹೋಗಲಿ, ಆದರೆ ಇವನು ಮಾರಿಬಿಟ್ಟ ಎಂದು ಜೀವಮಾನವಿಡೀ ಬಿ.ಎಚ್. ರಸ್ತೆಯಲ್ಲಿ ಜನರಿಂದ ಬೆರಳು ತೋರಿಸಿಕೊಂಡು ಬದುಕಲಾರೆ.

ಕುಣಿಗಲ್ ಕೆರೆಯ ಏರಿಯ ಕೆಳಗಿದ್ದ ಮೈದಾನದಲ್ಲಿ ಇಳಿದೆವು. ಕ್ಯಾಪ್ಟನ್ನನ್ನು ಹುಣಸೆಮರದ ಹಿಂದಕ್ಕೆ ಕರೆದುಕೊಂಡು ಹೋಗಿ ಜೆರ್ಸಿ ಎತ್ತಿ ತೋರಿಸಿದೆ. ಗುಬ್ಬಿಯ ಹುಡುಗಿ, ಮಂಡಿ, ಕಾಯಿ, ಅಮ್ಮನಿಗೆ ಕೊಟ್ಟ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನೂ ನಮ್ಮವನೇ. ಕರಡಿಗೆ ಕಂಡಕೂಡಲೇ ಕಾಲಿನ ಶೂ ಕಳಚಿ ಪಕ್ಕಕ್ಕೆ ಸರಿಸಿ ಕೈ ಮುಗಿದ.

"ಮೊದ್ಲೇ ಹೇಳ್ಬಾರ್ದೇನ್ಲಾ? ನಮ್ ತಾತ ಲಿಂಗ ತೋಳಿಗೆ ಕಟ್ಕೊಂಡೇ ಗದ್ದೆ ಉಳ್ತಿದ್ರು. ತೋಳಿಗೂ ಕಟ್ಬೋದು ಕಣೋ. ಬಲತೋಳಿನ ಮೇಲ್ಗಡೆ ಕಟ್ಕೋ, ಮೇಲೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿದ್ರೆ ಬಲಕ್ಕೆ ಬಿದ್ರೂ ಬಿಚ್ಚಲ್ಲ, ಎಡಕ್ಕಂತೂ ಎಷ್ಟು ಬೇಕಾದ್ರೂ ಬೀಳು."

ಇಷ್ಟು ಸುಲಭದ್ದನ್ನು ಅಯ್ಯನವರಾಗಲಿ, ಅಮ್ಮನಾಗಲಿ, ನಾನಾಗಲಿ ಯೋಚಿಸಿರಲಿಲ್ಲ. ಅವನು ಓಡಿಹೋಗಿ ಮೇಷ್ಟ್ರ ಚೀಲದಿಂದ ಉಳುಕಿಗೆ ಸುತ್ತುವ ಬ್ಯಾಂಡೇಜ್ ತಂದ. ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದೆಂದು ಮುಖ ಆಚೆ ತಿರುಗಿಸಿಕೊಂಡು ನಿಂತ. ನಾನು ಕರಡಿಗೆಯನ್ನು ಬಟ್ಟೆಯ ಸಮೇತ ತೋಳಿಗೆ ಕಟ್ಟಿಕೊಂಡ ಮೇಲೆ, ಅದರ ಮೇಲೆ ಬ್ಯಾಂಡೇಜನ್ನು ಅವನೇ ಸುತ್ತಿದ. ಹದವಾಗಿ, ಬಿಗಿಯಾಗಿ, ಒಂದು ಸುತ್ತಿನ ಮೇಲೊಂದು ಸುತ್ತು. ಸುತ್ತಿ ಮುಗಿಸಿ, "ನನ್ನ ಮನಸ್ನಲ್ಲಿ ಇನ್ನೇನಿಲ್ಲ ಕಣೋ" ಎಂದು ನನ್ನನ್ನು ತಬ್ಬಿಕೊಂಡ. ನನಗೆ ಅಳು ಬಂತು. ಅದೆಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಯಿತು. ರೆಫರಿ ಅದೇನು ಕೈಗೆ ಎಂದು ಕೇಳಿದಾಗ ಅವನು ಕಣ್ಣು ಮಿಟುಕಿಸದೆ "ಉಳುಕು ಸಾರ್" ಎಂದ. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನಲ್ಲ ಎಂದುಕೊಂಡೆ. ಅವತ್ತು ಅದು ಮೆಚ್ಚುಗೆಯೇ ಆಗಿತ್ತು.

ಅವತ್ತು ನಾನು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಚೆಂಡು ಗಾಳಿಯಲ್ಲಿ ಬಳುಕಿ ಬರುತ್ತಿತ್ತು. ಎಡಕ್ಕೆ ಹಾರಿದೆ, ಮತ್ತೆ ಎಡಕ್ಕೆ ಹಾರಿದೆ. ಮಣ್ಣಿನ ರುಚಿ ನಾಲಿಗೆಗೆ ಹತ್ತಿದರೆ ಹಬ್ಬದೂಟದಂತೆ ಇತ್ತು. ಒಂದೂ ಗೋಲಾಗದೆ ಮೊದಲರ್ಧ ಮುಗಿಯಿತು.

ಎರಡನೇ ಅರ್ಧದಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ಕುಣಿಗಲ್‌ನ ಫಾರ್ವರ್ಡುಗಳು ನಮ್ಮ ಡಿಫೆನ್ಸ್ ದಾಟಿ ನನ್ನ ಮೂಗಿನ ಹತ್ತಿರವೇ ಬಂದು ನಿಲ್ಲುತ್ತಿದ್ದರು. ನಾನು ಕೈಯೆತ್ತಿ ಆಫ್‌ಸೈಡ್ ಕೇಳಿದರೆ ರೆಫರಿ ತಲೆಯಾಡಿಸಿ ಮುಂದೆ ಓಡುತ್ತಿದ್ದ. ಇವನನ್ನು ಯಾರೋ ಕೊಂಡುಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬೈದೆ. ಅವನು ನನ್ನ ಹಿಂದಕ್ಕೆ ಕೈ ತೋರಿಸಿ ಏನೋ ಅಂದ, ಗಾಳಿಯಲ್ಲಿ ಕೇಳಿಸಲಿಲ್ಲ.

ಮುಗಿಯಲು ಇನ್ನೇನು ಸ್ವಲ್ಪವೇ ಇದೆ ಅನ್ನುವಾಗ ಅವರಲ್ಲೊಬ್ಬ ಮೂಲೆಗೆ ನೋಡಿ ಒದ್ದ. ಎಡಮೂಲೆ. ಹಾರಿದೆ. ಮೈಯೆಲ್ಲ ಹಾರಿತು. ಬೆರಳ ತುದಿಗೆ ಚೆಂಡು ತಾಕಿತು, ಆದರೆ ನಿಲ್ಲಲಿಲ್ಲ. ನೆಲಕ್ಕೆ ಬಿದ್ದ ನಾನು ಗೋಲಾಯಿತು ಎಂದುಕೊಂಡು ಕಣ್ಣು ಮುಚ್ಚಿದೆ. ಆಮೇಲೆ ಚೆಂಡನ್ನು ಒದ್ದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಎಡ ಕಂಬಕ್ಕೆ ಒರಗಿದಂತೆ, ಗೋಲಿನ ಗೆರೆಯ ಮೇಲೆ, ನಮ್ಮ ರೈಟ್ ಬ್ಯಾಕ್ ಆಡುವವನು ನಿಂತಿದ್ದ. ಅವನೇ ಚೆಂಡನ್ನು ಆಚೆಗೆ ಒದ್ದಿದ್ದ. ನನ್ನ ಹಿಂದೆ ನಮ್ಮವನೇ ಒಬ್ಬ ನಿಂತಿರುವವರೆಗೂ ಅವರು ಎಷ್ಟು ಮುಂದೆ ಬಂದರೂ ಆಫ್‌ಸೈಡ್ ಎಲ್ಲಿಂದ ಬರಬೇಕು?

"ನೀನ್ಯಾಕೋ ಇಲ್ಲಿ?"

"ಕ್ಯಾಪ್ಟನ್ ಹೇಳ್ದ. ಚೆಂಡು ಈ ಕಡೆ ಬಂದಾಗೆಲ್ಲ ನಿನ್ನ ಹಿಂದೆ, ಎಡಗಡೆ ನಿಂತ್ಕೋ ಅಂದ. ಬ್ರೇಕಲ್ಲಿ."

ಬ್ರೇಕಿನಲ್ಲಿ. ಅಂದರೆ ಬ್ಯಾಂಡೇಜ್ ಸುತ್ತಿದ ಮೇಲೆ. ತಬ್ಬಿಕೊಂಡ ಮೇಲೆ. ಮೊದಲರ್ಧವೆಲ್ಲ ನಾನು ಎಡಕ್ಕೆ ಬಿದ್ದು ಬಿದ್ದು ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೆ.

ಡ್ರಾ ಆಯಿತು, ಕ್ಲಬ್ಬು ಉಳಿಯಿತು. ಎಲ್ಲರೂ ಕುಣಿದಾಡಿದರು, ಮೇಷ್ಟ್ರು ಸೀಟಿ ಕಳೆದುಕೊಂಡರು. ನನ್ನನ್ನೂ ಎತ್ತಿದರು. ಎತ್ತಿದವರ ತಲೆಯ ಮೇಲಿಂದ ಕೆರೆಯ ಏರಿ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಇಳಿಸುವವರೆಗೂ ಕಾದೆ. ವಾಪಸು ಬರುವಾಗ ಬಸ್ಸಿನಲ್ಲಿ ಕ್ಯಾಪ್ಟನ್ ಬಂದು ನನ್ನ ಪಕ್ಕದಲ್ಲೇ ಕೂತ. ಹೆಬ್ಬೂರು ಬಂದಾಗ ಕೇಳಿದ.

"ಬೇಜಾರು ಮಾಡ್ಕೊಂಡ್ಯಾ?"

"ಇಲ್ಲ."

"ನಂಬಿಕೆ ಇರ್ಲಿಲ್ಲ ಅಂತಲ್ಲ ಕಣೋ. ಆದ್ರೂ..."

ಅವನು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಅವನು ನನ್ನನ್ನು ನಂಬಿ ಸುಮ್ಮನಿದ್ದಿದ್ದರೆ ಅವತ್ತು ನಾವು ಸೋಲುತ್ತಿದ್ದೆವು, ಆ ಗೋಲು ಎಡಗಡೆಯೇ ಆಗಿರುತ್ತಿತ್ತು, ಆಮೇಲೆ ಯಾವ ಕರಡಿಗೆಯೂ ನನ್ನನ್ನು ಉಳಿಸುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾದದ್ದರಿಂದ ನೋವೇನೂ ಕಮ್ಮಿಯಾಗಲಿಲ್ಲ.

ಮಾರನೆಯ ದಿನ ತಾಂಬೂಲವಾಯಿತು. ಅವನು ಹೊಸ ಅಂಗಿ ಹಾಕಿಕೊಂಡು ಬಂದು ಎಲ್ಲರಿಗೂ ಪಾನಕ ಹಂಚಿದ. ಮದುವೆಯೂ ಆಯಿತು. ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ಅವನು ಹೊಸ ಗ್ಲೌಸು ಹಿಡಿದುಕೊಂಡು ಮನೆಗೆ ಬಂದ. ನಾನು ಇನ್ನು ಆಡುವುದಿಲ್ಲ ಎಂದೆ. ಯಾಕೆ ಎಂದ. ಹೆಂಡತಿ ಮನೆಯವರಿಗೆ ಇಷ್ಟವಿಲ್ಲ ಎಂದೆ. ಅದು ಶುದ್ಧ ಸುಳ್ಳು. ನಾನು ಆಡುವುದನ್ನು ನೋಡಬೇಕೆಂದು ಹೆಂಡತಿ ಹಟ ಹಿಡಿದಿದ್ದಳು, ಮಾವನವರು ಟೀಮಿನ ಫೋಟೋ ಕೇಳಿದ್ದರು. ಅವನು ನನ್ನ ಮುಖವನ್ನು ನೋಡಿದ, ತಲೆಯಾಡಿಸಿದ, ಹೋಗಿ ಟೀಮಿನವರಿಗೂ ಹೇಳಿದ. ನನ್ನ ಆ ಒಂದು ಮಾತನ್ನು ಮಾತ್ರ ಎಲ್ಲರೂ ಕೇಳಿದ ಕೂಡಲೇ ನಂಬಿದರು.